ಮುದ್ರೆ ಸಾಹೇಬರ ನಾಲ್ಕು ಕಿಲೋ

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಮುದ್ರೆ ಸಾಹೇಬರನ್ನು ಕಂಡರೆ ಪೇಟೆಯ ತಕ್ಕಡಿಗಳೇ ನೆಟ್ಟಗೆ ನಿಲ್ಲುತ್ತಿದ್ದವು. ಅವರು ಪರೀಕ್ಷಿಸಿ ಸೀಸದ ಮುದ್ರೆ ಒತ್ತಿದ ಮೇಲೆ ಯಾರಪ್ಪ ಬಂದರೂ ಗುಲಗಂಜಿಯಷ್ಟು ಹೆಚ್ಚುಕಡಿಮೆ ಆಗದು ಎಂದು ಅಂಗಡಿಯವರೇ ಹೇಳುತ್ತಿದ್ದರು. ಹೊಗಳಿಕೆಯೋ ಶಾಪವೋ, ಅವರನ್ನೇ ಕೇಳಬೇಕು.

ಇಂಥ ಹರಿಶ್ಚಂದ್ರರು ಬಾಳಿನಲ್ಲಿ ಒಂದೇ ಒಂದು ಕಳ್ಳತನ ಮಾಡಿದ್ದರು, ಅದೂ ಸ್ವಂತ ಮನೆಯಲ್ಲಿ. ಎರಡು ತಿಂಗಳು ವಾಕಿಂಗ್ ಮಾಡಿದರೂ ಮುಳ್ಳು ಅಲ್ಲಾಡಲಿಲ್ಲವೆಂದು ಹೆಂಡತಿ ತೂಕದ ಯಂತ್ರದ ಮೇಲೆಯೇ ನಿಂತು ಅತ್ತು, ಬೂಟನ್ನು ಅಟ್ಟಕ್ಕೆ ಎಸೆದಿದ್ದರು. ಸಾಹೇಬರಿಗೆ ನೋಡಲಾಗಲಿಲ್ಲ. ಆಕೆ ಅತ್ತ ಹೋದಾಗ ಯಂತ್ರದ ತಿರುಪನ್ನು ನಾಲ್ಕು ಕಿಲೋದಷ್ಟು ಹಿಂದಕ್ಕೆ ತಿರುಗಿಸಿದರು. ಮರುವಾರ ಆಕೆ ಹತ್ತಿ ನೋಡಿ, ನಕ್ಕು, ಬೂಟು ಇಳಿಸಿಕೊಂಡರು. ಅಂದಿನಿಂದ ಒಂದು ದಿನವೂ ವಾಕಿಂಗ್ ತಪ್ಪಿಸಿರಲಿಲ್ಲ.

ಸಾಹೇಬರೂ ಪ್ರತಿ ಭಾನುವಾರ ಅದೇ ಯಂತ್ರ ಹತ್ತುತ್ತಿದ್ದರು. "ನೋಡು, ಅರವತ್ತೆಂಟು! ವಾಕೂ ಇಲ್ಲ, ಪಥ್ಯವೂ ಇಲ್ಲ" ಎಂದು ಎದೆಯುಬ್ಬಿಸುತ್ತಿದ್ದರು.

ಒಂದು ದಿನ ಮೊಮ್ಮಗಳು ಹಟ ಹಿಡಿದು ಇಬ್ಬರನ್ನೂ ತಾರಾಲಯಕ್ಕೆ ಎಳೆತಂದಳು. ಗುಮ್ಮಟದೊಳಗಿನ ಪ್ರದರ್ಶನಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಹೊರಗಿನ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಉಲ್ಕೆಯ ಕಲ್ಲು, ಗಗನಯಾತ್ರಿಯ ದೊಗಳೆ ಉಡುಪು, ಅದರಾಚೆ ಸಾಲಾಗಿ ನಾಲ್ಕು ತೂಕದ ಯಂತ್ರಗಳು: ಭೂಮಿ, ಚಂದ್ರ, ಮಂಗಳ, ಗುರು. ಎಲ್ಲಿ ನಾವೆಷ್ಟು ತೂಗುತ್ತೇವೆಂದು ಹತ್ತಿ ನೋಡಬಹುದಿತ್ತು. ಸಾಹೇಬರು ಬೆವೆತರು.

"ಅಜ್ಜೀ, ಮೊದಲು ಭೂಮಿ!"

"ಬೇಡ ಕಣೇ, ಅದು ಮಕ್ಕಳಿಗೆ" ಎಂದು ಸಾಹೇಬರು ತಡೆಯುವಷ್ಟರಲ್ಲಿ ಅಜ್ಜಿ ಹತ್ತಿ ಆಗಿತ್ತು. ಮನೆಯಲ್ಲಿ ಎಪ್ಪತ್ನಾಲ್ಕು, ಇಲ್ಲಿ ಎಪ್ಪತ್ತೆಂಟು. ಆಕೆಯ ಮುಖ ಬಾಡಿತು.

"ಇಷ್ಟು ದಿನ ನಡೆದಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ರೀ."

"ಈ ಯಂತ್ರ ಸುಳ್ಳು! ಶುದ್ಧ ಸುಳ್ಳು!" ಸಾಹೇಬರ ಕೂಗಿಗೆ ಗುರುಗ್ರಹದ ಮೇಲೆ ನಿಂತಿದ್ದವರೂ ತಿರುಗಿದರು.

ತಾರಾಲಯದ ಮಾರ್ಗದರ್ಶಿ ಹೆಂಗಸು ಓಡಿಬಂದಳು. "ಇಲ್ಲ ಸರ್, ಇಲಾಖೆಯವರು ಪರೀಕ್ಷೆ ಮಾಡಿದ್ದಾರೆ. ಮುದ್ರೆ ನೋಡಿ ಬೇಕಾದ್ರೆ."

ಮುದ್ರೆಯಲ್ಲಿದ್ದ ಪರೀಕ್ಷಕರ ನಂಬರು ಹನ್ನೆರಡು. ಸಾಹೇಬರದ್ದೇ. ಕಚೇರಿಗೆ ತಂದಿಟ್ಟ ನೂರಾರು ಯಂತ್ರಗಳ ನಡುವೆ ಇದಕ್ಕೂ ಒತ್ತಿದ್ದರು, ಮರೆತಿದ್ದರು. ಈಗ ಒಂದು ಕಡೆ ಮೂವತ್ತೊಂದು ವರ್ಷದ ಹೆಸರು, ಇನ್ನೊಂದು ಕಡೆ ಮತ್ತೆ ಅಟ್ಟ ಸೇರಲಿರುವ ಹೆಂಡತಿಯ ಬೂಟು.

"ಈ ಮುದ್ರೆ ಒತ್ತಿದವನಿಗೆ ಕೆಲಸಾನೇ ಬರ್ತಿರ್ಲಿಲ್ಲ" ಎಂದುಬಿಟ್ಟರು.

ಹೆಂಡತಿ ಕೆಳಗಿಳಿದು, ಕನ್ನಡಕ ಏರಿಸಿ, ಬಗ್ಗಿ ನೋಡಿದರು. ಆ ನಂಬರು ಆಕೆಗೆ ಗೊತ್ತಿಲ್ಲದ್ದೇ?

"ನಿಮ್ಮ ಮುದ್ರೆ ತಪ್ಪಿದ್ದು ನಾನಂತೂ ಕಂಡಿಲ್ಲ. ಹಾಗಾದ್ರೆ ಸುಳ್ಳು ಹೇಳ್ತಿರೋದು ಮನೇದು. ಅದರ ತಿರುಪು ಮುಟ್ಟೋಕೆ ಮನೇಲಿ ಒಬ್ಬರಿಗೇ ಬರೋದು."

"ನೀನು ಅಳ್ತಿದ್ದೆ" ಎಂದರು ಸಾಹೇಬರು.

ಆಕೆ ಕನ್ನಡಕ ತೆಗೆದು ಮಡಚಿದರು. ಆಮೇಲೆ ಗಂಡನ ತೋಳು ಹಿಡಿದು ಭೂಮಿಯ ಮೇಲೆ ಹತ್ತಿಸಿದರು. ಮುಳ್ಳು ಅರವತ್ತೆಂಟನ್ನು ದಾಟಿ ಎಪ್ಪತ್ತೆರಡಕ್ಕೆ ಬಂದು ನಿಂತಿತು. ಊರಿನ ಕಳ್ಳ ತಕ್ಕಡಿಗಳನ್ನೆಲ್ಲ ಹಿಡಿದವರು, ತಾವೇ ತಿರುಗಿಸಿದ ತಿರುಪನ್ನು ಭಾನುವಾರ ಭಾನುವಾರ ನಂಬಿಕೊಂಡು ಬಂದಿದ್ದರು.

"ನಾಳೆ ಬೆಳಿಗ್ಗೆ ಆರಕ್ಕೆ" ಎಂದರು ಹೆಂಡತಿ. "ಅಟ್ಟದಲ್ಲಿ ನಿಮ್ಮ ಬೂಟೂ ಇದೆ."