ಬಾತ್‌ಟಬ್ಬಿನ ಬೂಚು

ನಮ್ಮ ಡೊಂಬಿವಲಿಯ ಮನೆಯ ಬಾತ್‌ಟಬ್ಬಿನಲ್ಲಿ ಈವರೆಗೆ ಯಾರೂ ಕೂತು ಸ್ನಾನ ಮಾಡಿಲ್ಲ. ಹಿಂದಿನ ಮಾಲೀಕರು ಆಸೆಪಟ್ಟು ಹಾಕಿಸಿದ್ದು. ನಮಗದು ನೀರು ತುಂಬಿಡುವ ತೊಟ್ಟಿ. ಅತ್ತೆ ಅದಕ್ಕೊಂದು ಹಳೆಯ ಪತ್ತಲ ಸೀರೆ ಹೊದಿಸಿರುತ್ತಾರೆ.

ಅಂದು ಬೆಳಿಗ್ಗೆ ನಮ್ಮ ಕಟ್ಟಡದ ಸೊಸೈಟಿಯ ವಾಟ್ಸಾಪಿನಲ್ಲಿ ಸುದ್ದಿ: ಪೈಪ್ ದುರಸ್ತಿ, ನಾಳೆ ಇಡೀ ದಿನ ನೀರಿಲ್ಲ. ನಾಳೆಯೇ ಮಾವನವರ ಶ್ರಾದ್ಧ. ಮಡಿನೀರಿಲ್ಲದೆ ಅತ್ತೆ ಒಲೆ ಮುಟ್ಟುವವರಲ್ಲ. ಸಂಜೆ ನಲ್ಲಿ ಬಂದಾಗ ಟಬ್ಬು ತುಂಬಬೇಕು, ತುಂಬಿದ್ದು ಬೆಳಗಿನವರೆಗೆ ನಿಲ್ಲಬೇಕು. ಕೆಲ ದಿನಗಳಿಂದ ಸೋರುತ್ತಿದ್ದ ರಬ್ಬರ್ ಬೂಚನ್ನು ಎಳೆದು ನೋಡಿದೆ, ಕೈಯಲ್ಲೇ ಪುಡಿಪುಡಿಯಾಯಿತು.

ಪ್ಲಂಬರನಿಗೆ ಫೋನ್ ಮಾಡಿದರೆ "ಉದ್ಯಾ ಯೇತೋ" ಎಂದ. ನಾಳೆ ಬಂದು ಏನು ಮಾಡುತ್ತಾನೆ? ಅಳತೆಪಟ್ಟಿ ಹುಡುಕುವಷ್ಟು ತಾಳ್ಮೆ ಇರಲಿಲ್ಲ. ಕೈಬಳೆ ಬಿಚ್ಚಿ ಟಬ್ಬಿನ ತೂತಿನ ಮೇಲಿಟ್ಟೆ. ಸ್ಟೀಲಿನ ಅಂಚಿಗೆ ಸರಿಯಾಗಿ ಕೂತಿತು. ಅದನ್ನೇ ಹಿಡಿದು ಹಾರ್ಡ್‌ವೇರ್ ಅಂಗಡಿಗೆ ಓಡಿದೆ.

"ಭಾಭೀ, ಚೂಡಿ ಕಾ ದುಕಾನ್ ಬಾಜೂ ಮೇ ಹೈ," ಎಂದು ಅಂಗಡಿಯವನು ಪಕ್ಕದ ಬಳೆಯಂಗಡಿ ತೋರಿಸಿ ನಕ್ಕ. ಆದರೂ ಬಳೆಯಷ್ಟೇ ಅಗಲದ ಬೂಚು ಹುಡುಕಿ ಕೊಟ್ಟ.

ಮನೆಗೆ ತಂದರೆ ಅದು ತೂತಿನೊಳಗೆ ಇಳಿಯಲೇ ಇಲ್ಲ. ಪಾತ್ರೆಯ ಮುಚ್ಚಳದಂತೆ ಮೇಲೆಯೇ ಕೂತಿತು. ಒತ್ತಿದೆ, ತಿರುವಿದೆ, ಕೊನೆಗೆ ಹಿಮ್ಮಡಿಯಿಂದಲೂ ತುಳಿದೆ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಅಂದರು, "ಕಾನ್ವೆಂಟ್‌ನಾಗ ಅಷ್ಟ ಇಂಗ್ಲಿಷ್ ಕಲಿಸಿದ್ರು, ತೂತು ಒಳಗ ಅಳೀಬೇಕು ಅಂತ ಯಾರೂ ಹೇಳಲಿಲ್ಲೇನವಾ?"

"ಒಳಗ ಹೆಂಗ ಅಳೀಲಿ ಅತ್ತಿ? ಬೆರಳು ಹಾಕಲೇನು?"

ಅವರು ಅಡುಗೆಮನೆಗೆ ಹೋಗಿ ಚಪಾತಿಗೆ ನಾದಿಟ್ಟ ಕಣಕದ ಮುದ್ದೆ ತಂದರು. ಎಣ್ಣೆ ಸವರಿ ತೂತಿನೊಳಗೆ ಗಟ್ಟಿಯಾಗಿ ಒತ್ತಿ, ಮೆಲ್ಲಗೆ ಎತ್ತಿದರು. ತೂತಿನ ಅಚ್ಚು, ಒಳಗಿನ ಇಳಿಜಾರಿನ ಸಮೇತ, ಬೆಳ್ಳಗೆ ಮೂಡಿತ್ತು. ಅದನ್ನು ಸ್ಟೀಲ್ ಡಬ್ಬಿಯಲ್ಲಿ ಮಲಗಿಸಿಕೊಂಡು ಮತ್ತೆ ಹೊರಟೆ.

ಅಂಗಡಿಯ ಶಟರ್ ಇಳಿದಿತ್ತು, ಊಟದ ಹೊತ್ತು. ಮೆಟ್ಟಿಲ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಬಿಸಿಲಿಗೆ ಕಣಕ ಒಣಗಿ ಕುಗ್ಗೀತೆಂದು ಡಬ್ಬಿಯ ಮೇಲೆ ಸೆರಗು ಹಿಡಿದೆ. ಹಾದುಹೋಗುವವರೆಲ್ಲ ನನ್ನನ್ನೇ ನೋಡಿದಂತೆ ಅನಿಸುತ್ತಿತ್ತು. ಕೊನೆಗೆ ಶಟರ್ ಎದ್ದಾಗ ಅಂಗಡಿಯವನು ಡಬ್ಬಿಯೊಳಗೆ ಇಣುಕಿ, "ಟಿಫಿನ್ ಲಾಯೇ ಮೇರೇ ಲಿಯೇ?" ಎಂದ. ಬೂಚುಗಳನ್ನು ಒಂದೊಂದಾಗಿ ಅಚ್ಚಿನ ಪಕ್ಕ ಹಿಡಿದು ನೋಡಿ, ಸರಿಹೊಂದಿದ್ದನ್ನು ತಂದೆ.

ಹೊಸ ಬೂಚು ಬಿಗಿಯಾಗಿ ಕೂತಿತು. ಸಂಜೆ ನಲ್ಲಿ ಬಂತು, ಟಬ್ಬು ತುಂಬಿತು. ಆದರೂ ನಂಬಿಕೆ ಬರಲಿಲ್ಲ. ಹಣೆಯ ಟಿಕಳಿ ತೆಗೆದು ನೀರಿನ ಮಟ್ಟಕ್ಕೆ ಸರಿಯಾಗಿ ಟಬ್ಬಿನ ಗೋಡೆಗೆ ಅಂಟಿಸಿದೆ. ಪಲ್ಯಕ್ಕೆ ಹೆಚ್ಚುವಾಗ ಒಮ್ಮೆ, ಕುಕ್ಕರ್ ಕೂಗಿದಾಗ ಒಮ್ಮೆ ಹೋಗಿ ಬಗ್ಗಿ ನೋಡಿ ಬಂದೆ.

"ಹಿಂಗ ಘಳಿಗಿಗೊಮ್ಮೆ ನೋಡಿದ್ರ ನೀರೂ ನಾಚಿ ಇಳೀತದ," ಎಂದರು ಅತ್ತೆ. ಆದರೆ ನಾನು ಆಚೆ ಬರುತ್ತಿದ್ದಂತೆ ಅವರೇ ಒಳಗೆ ಹೋದದ್ದನ್ನು ಕಂಡೆ.

ನಸುಕಿನಲ್ಲಿ ಬಾತ್‌ರೂಮಿನಿಂದ ಸಪ್ಪಳ ಕೇಳಿ ಎಚ್ಚರವಾಯಿತು. ಅತ್ತೆ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಒಂದು ಚೆಂಬು, ಮತ್ತೊಂದು, ಇನ್ನೂ ಒಂದು. ಉಳಿಸಿ ಸುರಿಯುವವರ ಸಪ್ಪಳವಲ್ಲ. ಆಮೇಲೆ ಒಳಗಿನಿಂದಲೇ ಕೂಗಿದರು:

"ಏಯ್, ಎದ್ದಿಯೇನ? ಲಗೂನ ಬಾ. ನಿನಗೂ ನೀರು ಅದಾವ."