ತಾತನ ಕನಸಿಗೆ ಸಿಕ್ಕಿಬಿದ್ದಿದ್ದು

ಅವತ್ತು ನಾಗಮಂಗಲದ ಗ್ಯಾರೇಜಲ್ಲಿ ನನ್ನ ಮೊದಲ ದಿನ. 'ಲೇಟಾದ್ರೆ ಬರ್ಲೇಬ್ಯಾಡ' ಅಂತ ಓನರಣ್ಣ ಮೊದಲೇ ಹೇಳಿದ್ದರು. ಬಿಂಡಿಗನವಿಲೆಯಲ್ಲಿ ಪಾಂಡವಪುರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕುರಿ ಕಾಯೋ ತಾತ ಒಬ್ಬ ಕಂಬಳಿ ಹೊದ್ದು ಗೊರಕೆ ಹೊಡೀತಿದ್ದ. ಮಲಗಿರೋರ ಕಿವಿಯೂ ಮಲಗಿರುತ್ತಾ ನೋಡೋಣ ಅಂತ, ನಾಗಮಂಗಲ ಹತ್ತಿರ ಬಂದಾಗ ಅವನ ಕಿವಿಯಲ್ಲಿ 'ಬ್ಯಾ' ಅಂದೆ.

ತಾತ ಕಣ್ಣು ಬಿಡದೇ ಬಗ್ಗಿ ನನ್ನ ಕಾಲು ಹಿಡಿದುಬಿಟ್ಟ. ಕುರಿ ಹಿಡಿದು ಪಳಗಿದ ಕೈ, ಅಲ್ಲಾಡೋಕಾಗಲಿಲ್ಲ. ನನ್ನ ಸ್ಟಾಪು ಬಂತು.

"ಬುಡು ತಾತ, ಇಳೀಬೇಕು!"

"ಎಷ್ಟಾದ್ರೂ ಅರಚ್ಕೊ, ಬುಡಾಕಿಲ್ಲ," ಅಂತ ನಿದ್ದೆಯಲ್ಲೇ ಇನ್ನೂ ಬಿಗಿಯಾಗಿ ಹಿಡಿದ. ಬಸ್ಸಿಗೆ ಬಸ್ಸೇ ನಕ್ಕಿತು.

ಊರು ದಾಟಿದ ಮೇಲೆ ಅವನಿಗೆ ಎಚ್ಚರವಾಯಿತು. "ಕನಸಲ್ಲಿ ಮರಿ ತಪ್ಪಿಸ್ಕಂಡಿತ್ತು ಕಣ್ಲಾ. ಸದ್ಯ, ಸಿಕ್ತು," ಅಂದ.

ಬಿಸಿಲಲ್ಲಿ ನಡೆದು ವಾಪಸ್ ಗ್ಯಾರೇಜು ಸೇರಿದೆ.

"ಯಾಕ್ಲಾ ಲೇಟು? ನಿದ್ದೆನಾ?"

"ಊಂ ಅಣ್ಣ."

"ಮೊದಲ್ನೇ ದಿನವೇ ಏಳಾಕಾಗ್ನಿಲ್ವಾ?"

"ನಾನು ಎದ್ದಿದ್ದೆ ಅಣ್ಣ. ತಾತ ಏಳ್ನಿಲ್ಲ."

ಕಥೆ ಕೇಳಿ ನಕ್ಕು ಒಳಗೆ ಸೇರಿಸಿಕೊಂಡರು. ಆದರೂ ಈಗ ಗೊರಕೆ ಹೊಡೆಯೋರ ಪಕ್ಕ ನಾನು ಕೂರಲ್ಲ. ಅವರ ಕನಸಲ್ಲಿ ಯಾವ ಕೆಲಸ ನಡೀತಿರುತ್ತೋ ಏನೋ.