ಬಾಟಲಿಯಲ್ಲಿ ಕಂಡ ಬಣ್ಣ

ಮುಂಬಯಿಯ ನಮ್ಮ ಚಾಳಿನ ಹೆಂಗಸರಿಗೆ ನಾನು ‘ಲೋಳೆ ಓದುವ ಹುಡುಗಿ’. ಎಂ.ಎಸ್ಸಿ. ಎಂದರೆ ಡಾಕ್ಟರಿಕೆಯೋ ಟೀಚರಿಕೆಯೋ ಎಂದು ಕೇಳುತ್ತಿದ್ದರು. ಸಮುದ್ರದಲ್ಲಿ ತೇಲುವ ಲೋಳೆ ಜೀವಿಗಳನ್ನು ಓದುತ್ತಿದ್ದೇನೆ ಎಂದ ಕೂಡಲೇ ಮುಖ ಕಿವುಚುತ್ತಿದ್ದರು. ಕಿವುಚಲಿ ಬಿಡಿ, ನನಗೇನು! ಅದೇ ಪ್ರಶ್ನೆಯನ್ನು ಅಪ್ಪ ಕೇಳಿದಾಗ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

“ಅದರಲ್ಲಿ ಎಂತ ಉಂಟು ಮಗಾ? ಎಲುಬಿಲ್ಲ, ರಕ್ತ ಇಲ್ಲ, ಬರೀ ನೀರು. ನೀರನ್ನು ಎರಡು ವರ್ಷ ಓದ್ಲಿಕ್ಕುಂಟಾ?”

ಅಪ್ಪ ಅಂಧೇರಿ ಸ್ಟೇಷನ್ನಿನ ಹತ್ತಿರ ನಮ್ಮೂರ ಕಡೆಯವರ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಪಕ್ಕದಲ್ಲೇ ವಡೆ ಕರಿಯುವ ಎಣ್ಣೆಯ ಬಾಣಲೆ. ಗೋರೆಗಾಂವ್‌ನ ಒಂದೇ ಕೋಣೆಯ ಖೋಲಿಯಲ್ಲಿ ಅಪ್ಪ, ಅಮ್ಮ, ನಾನು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಅನ್ನ, ಖೋಲಿಯ ಬಾಡಿಗೆ, ನನ್ನ ಕಾಲೇಜು ಎಲ್ಲವೂ ಆ ಕಾವಲಿಯಿಂದಲೇ ಬರಬೇಕು. ಅಂಥ ಅಪ್ಪನ ಕಣ್ಣು ಮಂಜಾಗುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅವರ ಎಡಗೈ ತುಂಬ ಸುಟ್ಟ ಕಲೆಗಳು. ಡಾಕ್ಟರ ಹತ್ತಿರ ಹೋಗೋಣ ಎಂದು ಅಮ್ಮ ಹೇಳಿದರೆ ಸಾಕು, ಮೂಗಿನ ತುದಿಯಲ್ಲೇ ಸಿಟ್ಟು.

“ಹೊಗೆ ಮಾರಾಯ್ತಿ, ಹೊಗೆ! ಕಣ್ಣಿಗೆ ಎಂತದೂ ಆಗ್ಲಿಲ್ಲ.”

ಹೋಟೆಲಿನ ಧಣಿಗೆ ಸುದ್ದಿ ಮುಟ್ಟಿದರೆ ಮರುದಿನವೇ ಕಾವಲಿ ಬೇರೆಯವರ ಕೈಗೆ ಹೋಗುತ್ತದೆ. ಅದು ಮೂವರಿಗೂ ಗೊತ್ತಿದ್ದರಿಂದ ಮಾತು ಪ್ರತಿಸಲ ಅಲ್ಲಿಗೇ ನಿಲ್ಲುತ್ತಿತ್ತು.

ನನ್ನ ಕೆಲಸವೆಲ್ಲ ವರ್ಸೋವಾ ಕಡಲಲ್ಲಿ. ಅಲ್ಲಿನ ಕೋಲಿ ಬೆಸ್ತರ ದೋಣಿಯಲ್ಲಿ ಹೋಗಿ, ಬಟ್ಟೆಯಷ್ಟು ಸಣ್ಣ ಕಣ್ಣಿನ ಬಲೆಯನ್ನು ನೀರಲ್ಲಿ ಎಳೆದು, ಸಿಕ್ಕಿದ್ದನ್ನು ಬಕೆಟ್ಟಿಗೆ ಸುರಿಯಬೇಕು. ಮಳೆಗಾಲ ಕಳೆದ ಮೇಲೆ ಕೆಲವು ದಿನ ಲೋಳೆಯೇ ಲೋಳೆ. ಅವು ಮೀನಿನ ಮೊಟ್ಟೆಯನ್ನೂ ಬಿಡುವುದಿಲ್ಲ, ಮೀನಿನ ಮರಿಗಳಿಗೆ ಬೇಕಾದ ಹುಳುಗಳನ್ನೂ ಬಿಡುವುದಿಲ್ಲ. ದೋಣಿಯವನು ತನ್ನ ದೊಡ್ಡ ಬಲೆಯನ್ನು ಝಾಡಿಸಿ “ಪಾಣೀಚ್ ಪಾಣೀ!” ಎಂದು ಶಪಿಸುತ್ತಿದ್ದ. ಅವನಿಗೂ ಅಪ್ಪನಿಗೂ ಅದು ಬರೀ ನೀರು.

ಆ ನೀರಿನಲ್ಲೇ ನನ್ನ ಬಾಚಣಿಗೆ ಲೋಳೆ ಇರುತ್ತಿತ್ತು. ನೆಲ್ಲಿಕಾಯಿಯಷ್ಟು ಗಾತ್ರ, ಗಾಜಿನಂತೆ ಆಚೆಬದಿ ಕಾಣುವ ಮೈ. ಲೋಳೆಮೀನಿನ, ಅಂದರೆ ಜೆಲ್ಲಿಫಿಶ್ಶಿನ, ಹಾಗೆ ಕುಟುಕುವುದಿಲ್ಲ; ಎರಡು ಉದ್ದನೆಯ ಎಳೆಗಳನ್ನು ಬಿಟ್ಟು, ಅವುಗಳ ಅಂಟಿನಿಂದ ಬೇಟೆ ಹಿಡಿಯುತ್ತದೆ. ಮೈಮೇಲೆ ಎಂಟು ಸಾಲು ಸಣ್ಣ ಬಾಚಣಿಗೆಗಳು. ಅವನ್ನು ಬಡಿಯುತ್ತ ಈಜುತ್ತದೆ. ಕಣ್ಣಿಲ್ಲ. ಬಾಯಿಯ ಎದುರು ತುದಿಯಲ್ಲಿ ಮರಳಿನ ಕಣದಂಥದ್ದೊಂದು ಇದೆ, ಅದು ಯಾವ ಕಡೆ ವಾಲಿತು ಎಂಬುದರಿಂದಲೇ ಅದಕ್ಕೆ ಮೇಲು ಯಾವುದು ಕೆಳಗು ಯಾವುದು ತಿಳಿಯಬೇಕು. ಮೀನುಗಳಿಗಿಂತ ಎಷ್ಟೋ ಹಳೆಯ ವಂಶ. ಎಲುಬಿಲ್ಲದ ಕಾರಣ ಕಲ್ಲಿನಲ್ಲಿ ಅದರ ಗುರುತು ಉಳಿಯುವುದೇ ಅಪರೂಪ. ಪ್ರಾಣಿಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದದ್ದು ಇದೋ ಸ್ಪಂಜೋ ಎಂದು ಪಂಡಿತರು ಇವತ್ತಿಗೂ ಜಗಳಾಡುತ್ತಿದ್ದಾರೆ. ನನಗೆ ಆಗ ಆ ಜಗಳ ಗೊತ್ತಿರಲಿಲ್ಲ, ಪ್ರೀತಿ ಮಾತ್ರ ಇತ್ತು.

ರಾತ್ರಿ ಊಟಕ್ಕೆ ಕೂತರೆ ನನ್ನದು ಇದೇ ಪುರಾಣ. “ಬಿಸಿಲು ಬಿದ್ದರೆ ಎಂಟು ಸಾಲಿನಲ್ಲೂ ಬಣ್ಣ ಓಡ್ತದೆ ಅಪ್ಪ. ಕೆಂಪು, ಹಸಿರು, ನೀಲಿ. ಮೇಲಿಂದ ಕೆಳಗೆ, ಒಂದರ ಹಿಂದೆ ಒಂದು. ಅದರದ್ದೇ ಬಳಗದ ಇನ್ನೊಂದು ಉಂಟು, ಚೀಲದ ಹಾಗೆ. ಅದು ಇದನ್ನು ಇಡಿಯಾಗಿ ನುಂಗ್ತದೆ.”

“ಮುಂಬಯಿಯದ್ದೇ ಅಲ್ವಾ ಮತ್ತೆ!” ಎಂದು ಅಪ್ಪ ನಕ್ಕರು. ಆಮೇಲೆ, “ಅಷ್ಟು ಚಂದ ಇದ್ದರೆ ಒಮ್ಮೆ ತಂದು ತೋರಿಸು” ಎಂದರು.

ತೋರಿಸುವುದು ಅಷ್ಟು ಸುಲಭವಲ್ಲ. ಕಾಲೇಜಿನ ಕಪಾಟಿನಲ್ಲಿ ಹಾವು, ಏಡಿ, ಲೋಳೆಮೀನು ಎಲ್ಲ ಕೊಳೆಯದಂತೆ ಕಾಪಾಡುವ ಫಾರ್ಮಲಿನ್ನಿನಲ್ಲಿ ತೇಲುತ್ತಿದ್ದವು. ಇದು ಮಾತ್ರ ಫಾರ್ಮಲಿನ್ನಿಗೆ ಬಿದ್ದರೆ ಕರಗಿಯೇ ಹೋಗುತ್ತದೆ. ಇದನ್ನು ನೋಡುವುದಿದ್ದರೆ ಜೀವ ಇದ್ದಾಗಲೇ ನೋಡಬೇಕು.

ಅಪ್ಪನಿಗೆ ರಜೆಯಿದ್ದ ಒಂದು ದಿನ ವರ್ಸೋವಾದಿಂದ ಒಂದನ್ನು ಹೊತ್ತು ತಂದೆ. ಅಗಲ ಬಾಯಿಯ ಗಾಜಿನ ಬಾಟಲಿಗೆ ಸಮುದ್ರದ ನೀರನ್ನು ಕಂಠಮಟ್ಟ ತುಂಬಿ, ಅಲುಗಾಡದಂತೆ ಎದೆಗೆ ಒತ್ತಿಕೊಂಡಿದ್ದೆ. ಅಂಧೇರಿವರೆಗೂ ಬಸ್ಸಿನಲ್ಲಿ ಅದು ಚೆನ್ನಾಗಿಯೇ ಇತ್ತು. ಆಮೇಲೆ ಲೋಕಲ್ ರೈಲು. ಎರಡೇ ಸ್ಟೇಷನ್ ತಾನೇ ಎಂದುಕೊಂಡರೆ, ಅಯ್ಯೋ, ಆ ನೂಕುನುಗ್ಗಲು! ಯಾರದೋ ಬುಟ್ಟಿ ಬಂದು ಬಾಟಲಿಗೆ ಬಡಿಯಿತು. ಬಾಟಲಿ ಒಡೆಯಲಿಲ್ಲವಲ್ಲ ಎಂದು ನೆಮ್ಮದಿಯಾಯಿತು.

ಮನೆಗೆ ಬಂದಾಗ ಅಮ್ಮನ ದನಿ ಚಾಳಿನ ಮೆಟ್ಟಿಲವರೆಗೂ ಕೇಳುತ್ತಿತ್ತು. ಅಪ್ಪನ ಕೈಗೆ ಹಿಂದಿನ ದಿನ ಇನ್ನೊಂದು ಗಾಯವಾಗಿತ್ತು, ಈ ಸಲ ಮೊಣಕೈವರೆಗೆ. ಡಾಕ್ಟರು ನೋಡುವ ತನಕ ನಾಳೆಯಿಂದ ಕೆಲಸಕ್ಕೆ ಬಿಡುವುದಿಲ್ಲ ಎಂದು ಅಮ್ಮ ಹಟ ಹಿಡಿದಿದ್ದರು. ಅಪ್ಪನಿಗೆ ನಾನು ಬಂದದ್ದೇ ಬಿಡುಗಡೆಯಾಯಿತು.

“ತಂದೆಯಾ ಮಗಾ? ಎಲ್ಲಿ, ಎಲ್ಲಿ?”

ಬಾಟಲಿಯನ್ನು ಕಿಟಕಿಯ ಬಿಸಿಲಿಗಿಟ್ಟು ನೋಡಿದೆ. ನೀರು ಗಂಜಿತಿಳಿಯ ಹಾಗೆ ತುಸು ಮಸುಕಾಗಿತ್ತು. ಬೇರೇನೂ ಇರಲಿಲ್ಲ. ಆ ಬಡಪಾಯಿ ದಾರಿಯಲ್ಲೇ ಒಡೆದು ನೀರಿನಲ್ಲಿ ನೀರಾಗಿತ್ತು. ಛೆ, ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಬಗ್ಗಿ ಬಾಟಲಿಗೆ ಮುಖ ಹತ್ತಿರ ತಂದಿದ್ದರು.

“ಅಬ್ಬಬ್ಬಾ! ಹೌದು ಮಾರಾಯ್ತಿ, ಎಂಟು ಸಾಲು! ಕೆಂಪು, ಹಸಿರು, ನೀಲಿ... ಮೇಲಿಂದ ಕೆಳಗೆ ಓಡ್ತಾ ಉಂಟು ನೋಡು!”

ಅವೆಲ್ಲ ನಾನು ಊಟದ ಹೊತ್ತಿಗೆ ಹೇಳಿದ್ದ ಮಾತುಗಳೇ, ಒಂದೂ ಬಿಡದೆ. ಮಂಜು ಗಿಂಜು ಅಲ್ಲ, ಅಪ್ಪನಿಗೆ ಏನೂ ಕಾಣುತ್ತಿರಲಿಲ್ಲ.

ಅಪ್ಪ ಗೆದ್ದವರ ಹಾಗೆ ಅಮ್ಮನ ಕಡೆ ತಿರುಗಿದರು. “ಕಣ್ಣು ಹೋಗಿದೆ ಅಂತ ಬೊಬ್ಬೆ ಹೊಡೀತಿದ್ದೆಯಲ್ಲ. ನೆಲ್ಲಿಕಾಯಿಯಷ್ಟು ಪ್ರಾಣಿ, ಅದೂ ಗಾಜಿನ ಹಾಗೆ ಇರುವಂಥದ್ದು, ನನಗೆ ಕಾಣ್ಲಿಲ್ವಾ? ನಿನ್ನ ಮಗಳನ್ನೇ ಕೇಳು. ಹೇಳು ಮಗಾ, ನಾನು ನೋಡಿದೆನಾ ಇಲ್ವಾ?”

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಹೌದು ಎಂದುಬಿಡಬಹುದಿತ್ತು. ಆ ಒಂದು ಹೌದಿಗೆ ನಾಳೆಯೂ ಕಾವಲಿ, ನನ್ನ ಪರೀಕ್ಷೆ ಮುಗಿಯುವವರೆಗೂ ಕಾವಲಿ. ಅದರ ಪಕ್ಕದಲ್ಲೇ ಕುದಿಯುವ ಎಣ್ಣೆ. ದೇವರೇ, ಇಲ್ಲ ಎನ್ನುವ ಮಾತು ನನ್ನ ಬಾಯಲ್ಲೇ ಬರಬೇಕಿತ್ತೇ!

“ಬಾಟಲಿಯಲ್ಲಿ ಎಂತದೂ ಇಲ್ಲ ಅಪ್ಪ,” ಎಂದೆ. “ದಾರಿಯಲ್ಲೇ ಒಡೆದು ನೀರಾಗಿ ಹೋಗಿದೆ.”

ಆ ಮಾತಿನ ಜೊತೆಗೇ ಕಾವಲಿ ಹೋಯಿತು. ತಿಂಗಳು ಕಳೆಯುವುದರೊಳಗೆ ನನ್ನ ಕಾಲೇಜು ನಿಂತಿತು, ನಾನು ಔಷಧಿ ಕಾರ್ಖಾನೆಯ ಕೆಲಸಕ್ಕೆ ಸೇರಿದೆ, ದಹಿಸರ್‌ನ ಇನ್ನೂ ಸಣ್ಣ ಖೋಲಿಗೆ ಸಾಮಾನು ಸಾಗಿಸಿದೆವು. ಅಪ್ಪನ ಕಣ್ಣಿಗೆ ಕಾಲ ಮೀರಿದೆ ಎಂದು ಡಾಕ್ಟರು ಕೈಚೆಲ್ಲಿದರು.

ಆದರೆ ಆ ದಿನ ಅಪ್ಪ ಸಿಟ್ಟು ಮಾಡಲಿಲ್ಲ. ಬಗ್ಗಿದವರು ಬಗ್ಗಿಯೇ ಇದ್ದರು. ಸುಟ್ಟ ಕೈಯಿಂದ ಗಾಜನ್ನು ಮೆಲ್ಲಗೆ ಒಂದು ಸುತ್ತು ಸವರಿದರು. ಅಮ್ಮ ಹೊಸ್ತಿಲ ಮೇಲೆ ಕುಸಿದು ಕೂತಿದ್ದರು.

“ಬಣ್ಣ ಉಂಟು ಅಂದದ್ದಾದ್ರೂ ನಿಜವಾ?” ಎಂದು ಅಪ್ಪ ಕೇಳಿದರು.

“ನಿಜ ಅಪ್ಪ.”

“ಹಾಗಾದ್ರೆ ಇನ್ನೊಮ್ಮೆ ಹೇಳು. ನಿಧಾನಕ್ಕೆ ಹೇಳು.”

ಹೇಳತೊಡಗಿದೆ. ಎಂಟು ಸಾಲು ಎಂದೆ, ಬಿಸಿಲು ಬಿದ್ದರೆ ಎಂದೆ, ಕೆಂಪು ಎಂದೆ. ಹಸಿರು ಎನ್ನುತ್ತ ಬಾಟಲಿಯ ಮೇಲಿದ್ದ ಅವರ ಕೈ ಹಿಡಿದುಕೊಂಡೆ.

“ನೀಲಿ,” ಎಂದರು ಅಪ್ಪ.